ಮೀನಿಗಿಂತ ಮೊದಲು ನೀರು: ಕರಾವಳಿಯ ಮನೆಯಲ್ಲಿ ಮೊದಲ ಅಕ್ವೇರಿಯಂ ಸಜ್ಜು ಮಾಡುವ ಬಗೆ

ನಮ್ಮ ಮನೆಗೆ ಮೊದಲ ಅಕ್ವೇರಿಯಂ ಬಂದದ್ದು ಒಂದು ಶನಿವಾರ ಸಂಜೆ. ಅಂಗಡಿಯಲ್ಲಿ ಗಾಜಿನ ಟ್ಯಾಂಕ್, ಬಣ್ಣದ ಕಲ್ಲು, ಪಂಪು, ಎಂಟು ಗೋಲ್ಡ್ ಫಿಶ್ ಎಲ್ಲ ಒಟ್ಟಿಗೇ ಕಟ್ಟಿ ಕೊಟ್ಟರು. ನೀರು ತುಂಬಿಸಿ ಅರ್ಧ ಗಂಟೆ ಬಿಟ್ಟು ಮೀನು ಹಾಕಿ ಅಂದರು. ಹಾಗೇ ಮಾಡಿದೆವು. ಬುಧವಾರದ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಿನ ಹಾಗೆ ಆಗಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದವು. ಮುಂದಿನ ಶನಿವಾರ ಎರಡು ಉಳಿದಿದ್ದವು, ಭಾನುವಾರ ಅವೂ ಇಲ್ಲ. ಮಗಳು ಮೂರು ದಿನ ಆ ಟ್ಯಾಂಕಿನ ಕಡೆ ನೋಡಲಿಲ್ಲ.

ಆಮೇಲೆ ಒಂದು ಪರೀಕ್ಷೆಯ ಕಿಟ್ ತಂದು, ಇನ್ನೂ ಚೆಲ್ಲದೆ ಇಟ್ಟಿದ್ದ ಅದೇ ನೀರನ್ನು ನೋಡಿದೆ. ಅಮೋನಿಯಾ 4 ಪಿಪಿಎಂ. ಅಂದರೆ ಲೀಟರಿಗೆ 4 ಮಿಲಿಗ್ರಾಂ. ಮೀನಿಗೆ ಇರಬೇಕಾದದ್ದು ಸೊನ್ನೆ. ಅವು ತಾವೇ ಬಿಟ್ಟ ಗಲೀಜಿನಲ್ಲೇ ಉಸಿರುಗಟ್ಟಿ ಸತ್ತಿದ್ದವು. ರೋಗ ಅಲ್ಲ, ಊಟ ಜಾಸ್ತಿ ಆದದ್ದೂ ಅಲ್ಲ. ನೀರು ತಯಾರಾಗಿರಲಿಲ್ಲ, ಅಷ್ಟೇ.

ಎರಡನೇ ಸಲ ಮೀನೇ ಇಲ್ಲದೆ ಟ್ಯಾಂಕನ್ನು ತಯಾರು ಮಾಡಿದೆ. ಅಲ್ಲೂ ಒಂದು ಕಡೆ ಸಿಕ್ಕಿಬಿದ್ದೆ. ಬೇರೆ ಊರಿನವರು ಬರೆದ ಎಲ್ಲ ಕ್ರಮವನ್ನು ಸರಿಯಾಗಿ ಪಾಲಿಸಿದರೂ ಮೂರನೇ ವಾರದಲ್ಲಿ ಎಲ್ಲ ನಿಂತುಹೋಯಿತು. ಕಾರಣ ಇದ್ದದ್ದು ನಮ್ಮ ಬಾವಿಯ ನೀರಿನಲ್ಲಿ. ಮಂಗಳೂರು, ಉಡುಪಿ ಕಡೆಯ ಮೆದು ನೀರಿಗೆ, ಅಂದರೆ ಸುಣ್ಣದಂಥ ಲವಣ ಕಡಿಮೆ ಇರುವ ನೀರಿಗೆ, ಬೇರೆಯೇ ಒಂದು ಜಾಗ್ರತೆ ಬೇಕು. ಅದನ್ನು ಮುಖ್ಯವಾಗಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನೀರು ತಯಾರಾಗುವುದು ಅಂದರೆ ಏನು

ಮೀನು ಉಸಿರಾಡುವಾಗ, ಹೇತಾಗ, ತಿನ್ನದೆ ಬಿಟ್ಟ ಊಟ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಅದು ಕಿವಿರನ್ನು ಸುಡುತ್ತದೆ. ಹೊಳೆಯಲ್ಲಿ, ಕೆರೆಯಲ್ಲಿ ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ಅದು ಮೀನಿನ ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ನೈಟ್ರೇಟ್ ಮಾತ್ರ ಸ್ವಲ್ಪ ಸಾಧು. ವಾರಕ್ಕೊಮ್ಮೆ ನೀರು ಬದಲಾಯಿಸಿದರೆ ಸಾಕು, ಗಿಡಗಳೂ ತಿನ್ನುತ್ತವೆ.

ಎರಡನೇ ಗುಂಪಿನ ಹೆಸರು ನೈಟ್ರೋಬ್ಯಾಕ್ಟರ್ ಅಂತ ಹಳೆಯ ಪುಸ್ತಕಗಳಲ್ಲಿ ಇರುತ್ತದೆ. ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೋಸ್ಪೈರಾ ಎಂದು 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮಗೆ ಹೆಸರಿಗಿಂತ ಅವುಗಳ ಸ್ವಭಾವ ಮುಖ್ಯ. ಇವು ನೀರಿನಲ್ಲಿ ತೇಲುವುದಕ್ಕಿಂತ ಜಾಸ್ತಿ ಫಿಲ್ಟರಿನ ಸ್ಪಂಜಿಗೆ, ಕಲ್ಲಿಗೆ, ಗಾಜಿಗೆ ಅಂಟಿಕೊಂಡು ಬದುಕುತ್ತವೆ. ಆಮ್ಲಜನಕ ಬೇಕೇ ಬೇಕು. ಮತ್ತೆ ಬಹಳ ನಿಧಾನ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾ ಒಂದೆರಡು ಗಂಟೆಯಲ್ಲಿ ದುಪ್ಪಟ್ಟಾಗುತ್ತವೆ. ಇವಕ್ಕೆ ಅರ್ಧ ದಿನ, ಒಂದು ದಿನವಾದರೂ ಬೇಕು. ಅದಕ್ಕೇ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಮೀನು ಹಾಕದೆ, ನಾವೇ ಅಳತೆ ಮಾಡಿ ಅಮೋನಿಯಾ ಕೊಟ್ಟು ಈ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದೇ ಮೀನಿಲ್ಲದ ಸೈಕಲಿಂಗ್. ಹಿಂದೆ ಎಲ್ಲರೂ ಒಂದೆರಡು ಗಟ್ಟಿ ಮೀನು ಹಾಕಿ ಮಾಡುತ್ತಿದ್ದರು. ಆ ಮೀನು ಬದುಕಿದರೂ ಆ ತಿಂಗಳಿಡೀ ನರಳುತ್ತದೆ. ಬೇಡ ಅದು.

ಟ್ಯಾಂಕ್ ಮತ್ತು ಜಾಗ

ಮೊದಲ ಟ್ಯಾಂಕ್ ತೀರಾ ಸಣ್ಣದು ಬೇಡ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು ಒಳ್ಳೆಯ ಅಳತೆ. ಅಂಚಿನವರೆಗೆ ತುಂಬಿದರೆ 56 ಲೀಟರ್ ಹಿಡಿಯುತ್ತದೆ, ಕಲ್ಲು ಹಾಕಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ನೀರು 45ರಿಂದ 50 ಲೀಟರ್. ನೀರು ಕಡಿಮೆ ಇದ್ದಷ್ಟೂ ತಪ್ಪು ಬೇಗ ವಿಷವಾಗುತ್ತದೆ. ದುಂಡನೆಯ ಗಾಜಿನ ಬೌಲ್ ಅಂತೂ ಬೇಡವೇ ಬೇಡ.

ತಂದ ದಿನ ಜಗಲಿಯಲ್ಲೋ ಅಂಗಳದಲ್ಲೋ ಹಲಗೆಯ ಮೇಲೆ ಇಟ್ಟು, ಪೂರ್ತಿ ನೀರು ತುಂಬಿಸಿ ಒಂದು ದಿನ ಬಿಡಿ. ಕೆಳಗೆ ಹಳೆಯ ಪೇಪರ್ ಹಾಸಿದರೆ ಸಣ್ಣ ಸೋರಿಕೆಯೂ ಗೊತ್ತಾಗುತ್ತದೆ. ಸೋಪು ಹಾಕಿ ತೊಳೆಯಬೇಡಿ, ಬರೀ ನೀರು ಸಾಕು.

ಎಲ್ಲ ಸೇರಿ 70 ಕಿಲೋ ಹತ್ತಿರ ತೂಕ ಬರುತ್ತದೆ. ಟಿವಿ ಸ್ಟ್ಯಾಂಡ್ ತಡೆಯುವುದಿಲ್ಲ. ಕಡಪ ಕಲ್ಲಿನ ಕಟ್ಟೆ, ಕಬ್ಬಿಣದ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ಮೇಜು ಬೇಕು. ಹಳೆಯ ಹೆಂಚಿನ ಮನೆಗಳ ಕಾವಿ ನೆಲ ಒಂದು ಕಡೆ ಓರೆ ಇರುವುದುಂಟು. ಮೇಸ್ತ್ರಿಗಳ ರಸಮಟ್ಟ ಇಟ್ಟು ನೋಡಿ, ಆಮೇಲೆ ಟ್ಯಾಂಕಿನ ಅಡಿಗೆ ಒಂದು ಥರ್ಮಾಕೋಲ್ ಹಾಳೆ ಹಾಕಿ ಕೂರಿಸಿ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟರೆ ಪಾಚಿ ಕಟ್ಟುತ್ತದೆ.

ಜಾಗದ ವಿಷಯದಲ್ಲಿ ನಮ್ಮ ಊರಿಗೆ ಸೇರಿದ ಒಂದು ಮಾತಿದೆ. ಮಳೆಗಾಲದಲ್ಲಿ ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ಔಷಧಿ ಪ್ರತಿ ಕೋಣೆಯಲ್ಲೂ ಉರಿಯುತ್ತಿರುತ್ತದೆ. ಅದರಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ಅಪಾಯ. ಏರ್ ಪಂಪ್ ಅದೇ ಗಾಳಿಯನ್ನು ಎಳೆದು ನೀರಿಗೆ ಬಿಡುತ್ತದೆ. ಟ್ಯಾಂಕ್ ಇರುವ ಕೋಣೆಗೆ ಕಿಟಕಿ ಜಾಲರಿ ಹಾಕಿಸಿ, ಬತ್ತಿ ಬೇಡ.

ಫಿಲ್ಟರ್ ಮತ್ತು ಕರೆಂಟು

ಮೊದಲ ಟ್ಯಾಂಕಿಗೆ ನಾನು ಯಾರಿಗಾದರೂ ಹೇಳುವುದು ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್. ಕಡಿಮೆ ಬೆಲೆ, ಕೆಟ್ಟುಹೋಗುವ ಭಾಗ ಕಡಿಮೆ, ಬ್ಯಾಕ್ಟೀರಿಯಾ ಕೂರಲು ಜಾಗ ಬೇಕಾದಷ್ಟು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುವುದು ಸಾಮಾನ್ಯ ಅಲ್ವಾ? ಸ್ಪಂಜ್ ಟ್ಯಾಂಕಿನ ಒಳಗೇ ಇರುವುದರಿಂದ ಕರೆಂಟು ಹೋದರೂ ಸುತ್ತಲಿನ ನೀರು ಸ್ವಲ್ಪವಾದರೂ ತಾಗುತ್ತಿರುತ್ತದೆ. ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಟಲೆ ನಿಂತರೆ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ. ಅಂಥದ್ದು ಇದ್ದರೆ ಕರೆಂಟು ಬಂದ ಕೂಡಲೇ ಹಾಗೇ ಚಾಲು ಮಾಡದೆ, ತೆರೆದು ಟ್ಯಾಂಕಿನ ನೀರಿನಲ್ಲಿ ಜಾಲಾಡಿಸಿ ಆಮೇಲೆ ಹಾಕಿ. ಏರ್ ಪಂಪ್ ಕರೆಂಟು ತಿನ್ನುವುದು ಬಹಳ ಕಡಿಮೆ, ಇನ್ವರ್ಟರಿಗೆ ಜೋಡಿಸಿಬಿಡಿ.

ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಆಗದಿದ್ದರೆ ಕೊಳವೆಗೆ ನೀರು ಹಿಂದೆ ಬಾರದಂತೆ ತಡೆಯುವ ಸಣ್ಣ ವಾಲ್ವ್ ಹಾಕಿ. ಇಲ್ಲದಿದ್ದರೆ ಕರೆಂಟು ಹೋದ ರಾತ್ರಿ ಕೊಳವೆಯಲ್ಲಿ ನೀರು ಇಳಿದು ಪಂಪಿನೊಳಗೆ, ನೆಲಕ್ಕೆ. ವಯರು ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತಾಡಿ ಮೇಲೆ ಹೋಗುವ ಹಾಗೆ ಬಿಡಿ. ಹನಿ ಬಿದ್ದರೆ ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಹೀಟರ್ ಬೇಡ. ಈ ಬ್ಯಾಕ್ಟೀರಿಯಾಗಳಿಗೆ 25ರಿಂದ 30 ಡಿಗ್ರಿ ಹಿತ. ಕರಾವಳಿಯ ಮನೆಯೊಳಗೆ ವರ್ಷದ ಹೆಚ್ಚಿನ ದಿನ ನೀರು ತಾನಾಗಿ ಅಷ್ಟೇ ಇರುತ್ತದೆ. ಏಪ್ರಿಲ್, ಮೇಯಲ್ಲಿ ಇನ್ನೂ ಮೇಲೆ ಹೋದರೆ ಗಾಳಿ ಜಾಸ್ತಿ ಬಿಡಿ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ.

ತಳಕ್ಕೆ ಹೊಯಿಗೆ

ಹೊಳೆಯ ದೊರಗು ಹೊಯಿಗೆ (ಮರಳು) ಅಥವಾ ಸಣ್ಣ ಜಲ್ಲಿ ಒಂದೂವರೆ ಇಂಚಿನಷ್ಟು ಸಾಕು. ಬಕೆಟಿಗೆ ಸ್ವಲ್ಪ ಸ್ವಲ್ಪ ಹಾಕಿ, ಕೈಯಲ್ಲಿ ಕಲಸಿ, ಕೆಂಪು ನೀರು ಚೆಲ್ಲಿ, ಮತ್ತೆ ತೊಳೆಯಿರಿ. ನನಗೆ ಹದಿನೈದು ಸಲ ಬೇಕಾಯಿತು. ನೀರು ತಿಳಿಯಾಗುವವರೆಗೆ ಬಿಡಬೇಡಿ. ಪಣಂಬೂರು, ಮಲ್ಪೆ ಬೀಚಿನ ಹೊಯಿಗೆ ಬೇಡ, ಅದರಲ್ಲಿ ಉಪ್ಪು ಇರುತ್ತದೆ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ತುಂಡು ನೋಡಲು ಚಂದ, ಆದರೆ ನೀರಿಗೆ ಕೆಂಪು ಮಣ್ಣು ಬಿಡುತ್ತಲೇ ಇರುತ್ತದೆ.

ನಮ್ಮ ನೀರಿನ ಗುಣ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮಂಗಳೂರು ನಗರದ ನಲ್ಲಿ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರುತ್ತದೆ, ಉಡುಪಿಯದ್ದು ಸ್ವರ್ಣಾ ನದಿಯ ಬಜೆಯಿಂದ. ಎರಡೂ ಘಟ್ಟದ ಮಳೆಯ ನೀರು, ಮೆದು. ಜೊತೆಗೆ ಕ್ಲೋರಿನ್ ಹಾಕಿರುತ್ತಾರೆ. ಕ್ಲೋರಿನ್ ನಾವು ಬೆಳೆಸಬೇಕಾದ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೊಡುವುದು ಹೆಚ್ಚಾಗಿ ಸೋಡಿಯಂ ಥಯೋಸಲ್ಫೇಟ್, ಬಾಟಲಿಯಲ್ಲಿ ಬರೆದಷ್ಟು ಹಾಕಿದರೆ ಕೂಡಲೇ ಕೆಲಸ ಮಾಡುತ್ತದೆ. ಅದಿಲ್ಲದಿದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಗಾಳಿ ಬಿಡುತ್ತಾ ಎರಡು ದಿನ ಇಡಿ.

ಬಾವಿ ನೀರಾದರೆ ಕ್ಲೋರಿನ್ ಇಲ್ಲ ಅಂದುಕೊಳ್ಳುತ್ತೇವೆ. ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಇದೆ. ಮನೆಯಲ್ಲಿ ಕೇಳಿ ನೋಡಿ. ಹಾಕಿ ಕೆಲವೇ ದಿನ ಆಗಿದ್ದರೆ ಆ ನೀರಿಗೂ ಆಂಟಿ ಕ್ಲೋರಿನ್ ಬೇಕು. ಸಮುದ್ರದ, ಹಿನ್ನೀರಿನ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ನೀರು ಬರುವುದೂ ಉಂಟು. ಕುಡಿದು ನೋಡಿದರೇ ಗೊತ್ತಾಗುತ್ತದೆ, ಅಂಥ ನೀರು ಬೇಡ.

ಈಗ ದೊಡ್ಡ ವಿಷಯ. ಮುರಕಲ್ಲಿನ ನೆಲದ ಬಾವಿ ನೀರು ಮೆದು ಮಾತ್ರ ಅಲ್ಲ, ಸ್ವಲ್ಪ ಹುಳಿ ಕೂಡ. ಪಿಹೆಚ್ ಅಂದರೆ ಹುಳಿಯ ಅಳತೆ, 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ ಜಾಸ್ತಿ. ಇಲ್ಲಿ ಅದು 6ರ ಆಸುಪಾಸು ಇರುವುದು ಸಾಮಾನ್ಯ. ಎತ್ತಿದ ಕೂಡಲೇ ಅಳೆಯಬೇಡಿ. ನೆಲದೊಳಗಿನ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಅದು ಹುಳಿಯನ್ನು ಇನ್ನೂ ಜಾಸ್ತಿ ತೋರಿಸುತ್ತದೆ. ಒಂದು ದಿನ ಗಾಳಿ ಬಿಟ್ಟು ಆಮೇಲೆ ಅಳೆಯಿರಿ.

ಪಿಹೆಚ್‌ಗಿಂತ ಮುಖ್ಯವಾದದ್ದು ಕೆಹೆಚ್. ಅಂದರೆ ನೀರಿನಲ್ಲಿ ಎಷ್ಟು ಬೈಕಾರ್ಬನೇಟ್ ಇದೆ ಅನ್ನುವುದು, ಇದನ್ನೂ ಡಿಗ್ರಿಯಲ್ಲೇ ಹೇಳುತ್ತಾರೆ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಆಮ್ಲ ಹೊರಗೆ ಬಿಡುತ್ತವೆ. ಆ ಆಮ್ಲವನ್ನು ನುಂಗಿಕೊಳ್ಳುವುದು ಈ ಬೈಕಾರ್ಬನೇಟ್. ಲೆಕ್ಕ ಹೀಗೆ: 1 ಪಿಪಿಎಂ ಅಮೋನಿಯಾ ಪೂರ್ತಿ ನೈಟ್ರೇಟ್ ಆಗುವಷ್ಟರಲ್ಲಿ ಕೆಹೆಚ್ ಒಂದು ಡಿಗ್ರಿಯ ಮೂರನೇ ಒಂದು ಭಾಗ ಖರ್ಚಾಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಕೆಹೆಚ್ ಎಷ್ಟೋ ಜಾಸ್ತಿ, ಅಲ್ಲಿನವರಿಗೆ ಇದು ಗೊತ್ತೇ ಆಗುವುದಿಲ್ಲ. ನಮ್ಮ ಬಾವಿಯಲ್ಲಿ ಇದ್ದದ್ದು ಒಂದೂವರೆ ಡಿಗ್ರಿ. ಐದು ಪಿಪಿಎಂ ಅಮೋನಿಯಾ ಹಾಕುವಷ್ಟರಲ್ಲಿ ಅದು ಮುಗಿಯಿತು. ಪಿಹೆಚ್ ಧಡಕ್ಕನೆ ಕೆಳಗೆ ಬಿತ್ತು. 6.5ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಮಂಕಾಗುತ್ತವೆ, 6ರ ಹತ್ತಿರ ಕೆಲಸವೇ ನಿಲ್ಲುತ್ತದೆ.

ಇದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ಒಂದು, ಅಡುಗೆ ಸೋಡಾ. 50 ಲೀಟರ್ ನೀರಿಗೆ ಒಂದು ಟೀ ಚಮಚ, ಅಂದರೆ ಸುಮಾರು 6 ಗ್ರಾಂ, ಹಾಕಿದರೆ ಕೆಹೆಚ್ 4 ಡಿಗ್ರಿ ಏರುತ್ತದೆ. ಬೇಕಿಂಗ್ ಪೌಡರ್ ಬೇರೆ, ವಾಷಿಂಗ್ ಸೋಡಾ ಬೇರೆ, ಅವು ಬೇಡ. ಮೀನು ಇಲ್ಲದ ಕಾರಣ ಒಟ್ಟಿಗೇ ಹಾಕಬಹುದು.

ಎರಡು, ಮರುವಾಯಿ (ಕಪ್ಪೆಚಿಪ್ಪಿನ ಜೀವಿ) ಚಿಪ್ಪು. ಮರುವಾಯಿ ಸುಕ್ಕ ಮಾಡಿದ ದಿನ ಚಿಪ್ಪನ್ನು ಬಿಸಾಡಬೇಡಿ. ಮಾಂಸದ ಚೂರು ಉಳಿಯದ ಹಾಗೆ ಉಜ್ಜಿ, ಹತ್ತು ನಿಮಿಷ ಕುದಿಸಿ, ನಾಲ್ಕು ದಿನ ಬಿಸಿಲಿಗೆ ಹಾಕಿ. ಸುತ್ತಿಗೆಯಲ್ಲಿ ಮೆಲ್ಲನೆ ಒಡೆದು, ಒಂದು ಹಿಡಿಯಷ್ಟನ್ನು ಹಳೆಯ ಬಲೆ ಚೀಲದಲ್ಲಿ ಕಟ್ಟಿ ಗಾಳಿಗುಳ್ಳೆ ಬರುವ ಕಡೆ ಇಡಿ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್. ನೀರು ಹುಳಿಯಾದಷ್ಟು ಅದು ಕರಗುತ್ತದೆ, ಸರಿಯಾದ ಮೇಲೆ ಕರಗುವುದು ನಿಧಾನವಾಗುತ್ತದೆ. ಸೋಡಾ ಕೂಡಲೇ ಕೆಲಸ ಮಾಡುತ್ತದೆ, ಚಿಪ್ಪು ತಿಂಗಳುಗಟ್ಟಲೆ ಕಾಯುತ್ತದೆ. ನಾನು ಎರಡನ್ನೂ ಮಾಡುತ್ತೇನೆ. ಮೀನು ಮಾಂಸ ತರದ ಮನೆಯಾದರೆ ಸೋಡಾ ಒಂದೇ ಸಾಕು, ವಾರಕ್ಕೊಮ್ಮೆ ಕೆಹೆಚ್ ನೋಡುತ್ತಿರಿ. ಆರ್‌ಒ ನೀರು ಹಾಕಬೇಡಿ, ಅದರಲ್ಲಿ ಕೆಹೆಚ್ ಅನ್ನುವುದೇ ಇರುವುದಿಲ್ಲ.

ಬೇಕಾದ ಸಾಮಾನು

ಹನಿ ಹಾಕಿ ಬಣ್ಣ ನೋಡುವ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಹೆಚ್ ನಾಲ್ಕೂ ಇರಲಿ, ಕೆಹೆಚ್ ಕಿಟ್ ಬೇರೆ ಸಿಗುತ್ತದೆ. ನೀರಿಗೆ ಅದ್ದಿ ನೋಡುವ ಪಟ್ಟಿಗಳಲ್ಲಿ ಎಷ್ಟೋ ಸಲ ಅಮೋನಿಯಾ ಇರುವುದೇ ಇಲ್ಲ, ನಮಗೆ ಬೇಕಾದದ್ದೇ ಅದು. ಇದರಲ್ಲಿ ದುಡ್ಡು ಉಳಿಸಬೇಡಿ. ಟ್ಯಾಂಕಿನ ದೀಪ ಸಣ್ಣದಿರಲಿ, ಕಿಟ್ ಇರಲಿ.

ಅಮೋನಿಯಾಕ್ಕೆ ಶುದ್ಧ ಅಮೋನಿಯಂ ಕ್ಲೋರೈಡ್. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಉಜ್ಜುವ ನವಸಾಗರ ಇದೇ ವಸ್ತು. ಆದರೆ ಅದರಲ್ಲಿ ಬೇರೆ ಕಸ ಇರಬಹುದು. ಲ್ಯಾಬಿಗೆ ರಾಸಾಯನಿಕ ಮಾರುವ ಅಂಗಡಿಯಲ್ಲಿ ಶುದ್ಧವಾದದ್ದು ಸಣ್ಣ ಡಬ್ಬಿಯಲ್ಲಿ ಸಿಗುತ್ತದೆ. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ನೆಲ ಒರೆಸುವ ಪರಿಮಳದ ಅಮೋನಿಯಾ ಬೇಡ.

ಇಲ್ಲಿ ಒಂದು ಸುಲಭ ಲೆಕ್ಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ 10 ಗ್ರಾಂ ಅಮೋನಿಯಂ ಕ್ಲೋರೈಡ್ ತೂಗಿ, ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿ ಇಡಿ. ಬಾಟಲಿಗೆ ದೊಡ್ಡದಾಗಿ ಹೆಸರು ಬರೆಯಿರಿ. ಈ ದ್ರಾವಣದ 30 ಮಿಲಿ 50 ಲೀಟರಿಗೆ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ ಆಗುತ್ತದೆ. 15 ಮಿಲಿ ಹಾಕಿದರೆ 1. ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜ್ ಅಳತೆಗೆ ಸಾಕು.

ಇದು ಸಿಗದವರು ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಡುತ್ತಾರೆ. ಇನ್ನು ಕೆಲವರು ಒಂದು ಎಟ್ಟಿ (ಸಿಗಡಿ) ಚೂರನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತಾರೆ. ಎರಡರಲ್ಲೂ ಅಮೋನಿಯಾ ಬರುತ್ತದೆ, ಎಷ್ಟು ಬಂತು ಅನ್ನುವುದು ನಮ್ಮ ಹಿಡಿತದಲ್ಲಿ ಇಲ್ಲ. ಎಟ್ಟಿಯ ವಾಸನೆ ಮೂರನೇ ದಿನಕ್ಕೆ ಚಾವಡಿ ತುಂಬುತ್ತದೆ.

ಶುರು ಮಾಡುವ ದಿನ

ಹೊಯಿಗೆ ಹಾಸಿ, ಅದರ ಮೇಲೆ ಒಂದು ತಟ್ಟೆ ಇಟ್ಟು, ತಟ್ಟೆಗೆ ಬೀಳುವ ಹಾಗೆ ನೀರು ಸುರಿಯಿರಿ. ನೀರು ಕದಡುವುದಿಲ್ಲ. ಆಂಟಿ ಕ್ಲೋರಿನ್ ಹಾಕಿ, ಫಿಲ್ಟರ್ ಚಾಲು ಮಾಡಿ, ಒಂದು ದಿನ ಓಡಲು ಬಿಡಿ. ಮರುದಿನ ಪಿಹೆಚ್, ಕೆಹೆಚ್ ನೋಡಿ. ಕೆಹೆಚ್ 4ಕ್ಕಿಂತ ಕಡಿಮೆ ಇದ್ದರೆ ಸೋಡಾ ಹಾಕಿ, ಚಿಪ್ಪಿನ ಚೀಲ ಇಡಿ. ಆಮೇಲೆ 30 ಮಿಲಿ ಅಮೋನಿಯಾ ದ್ರಾವಣ. ಒಂದು ಗಂಟೆ ಬಿಟ್ಟು ಅಳೆದರೆ 2ರ ಹಸಿರು ಕಾಣಬೇಕು. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅನ್ನುವುದು ತಪ್ಪು. 5 ದಾಟಿದರೆ ಇನ್ನೂ ತಡ.

ಈಗ ಹೆಪ್ಪು. ಹಾಲು ತಾನಾಗಿಯೂ ಹುಳಿಯಾಗುತ್ತದೆ, ಹೆಪ್ಪು ಹಾಕಿದರೆ ಬೇಗ, ಸರಿಯಾಗಿ ಮೊಸರಾಗುತ್ತದೆ. ಇಲ್ಲೂ ಹಾಗೆಯೇ. ಆರೋಗ್ಯವಾದ ಮೀನುಗಳಿರುವ ಹಳೆಯ ಟ್ಯಾಂಕ್ ಪರಿಚಯದವರಲ್ಲಿ ಇದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ. ಅವರ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ, ಒಣಗದ ಹಾಗೆ, ಅದೇ ದಿನ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಆರು ವಾರದ ಕೆಲಸ ಎರಡು ವಾರದಲ್ಲಿ ಮುಗಿಯಬಹುದು. ಬರೀ ನೀರು ತಂದರೆ ಪ್ರಯೋಜನ ಕಡಿಮೆ, ಬ್ಯಾಕ್ಟೀರಿಯಾ ಇರುವುದು ಸ್ಪಂಜಿನಲ್ಲಿ. ಅವರ ಮೀನಿಗೆ ರೋಗ ಇದ್ದರೆ ಮಾತ್ರ ಬೇಡ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಕೂಡ ಕೆಲವು ಸಲ ನೆರವಾಗುತ್ತದೆ. ಬಿಸಿಲಲ್ಲಿ ಬೇಯ್ದ ಬಾಟಲಿಯಲ್ಲಿ ಜೀವ ಉಳಿದಿರುವುದು ಅನುಮಾನ, ಅದನ್ನು ನಂಬಿ ಪರೀಕ್ಷೆ ಬಿಡಬೇಡಿ.

ದೀಪ ಆರಿಸಿಯೇ ಇಡಿ. ಬ್ಯಾಕ್ಟೀರಿಯಾಕ್ಕೆ ಬೆಳಕು ಬೇಡ, ಬೇಕಾದದ್ದು ಪಾಚಿಗೆ.

ವಾರ ವಾರ ಏನಾಗುತ್ತದೆ

ಮೊದಲ ವಾರ ಏನೂ ಆಗುವುದಿಲ್ಲ. ಮೂರು ನಾಲ್ಕು ದಿನಕ್ಕೆ ನೀರು ಬೆಳ್ಳಗಾದರೆ ಹೆದರಬೇಡಿ. ಅದು ಬೇರೆ ಬ್ಯಾಕ್ಟೀರಿಯಾಗಳ ಅಬ್ಬರ, ತಾನಾಗಿ ಇಳಿಯುತ್ತದೆ. ನೀರು ಬದಲಿಸಬೇಡಿ, ಸ್ಪಂಜ್ ತೊಳೆಯಬೇಡಿ. ಎರಡು ದಿನಕ್ಕೊಮ್ಮೆ ಅಮೋನಿಯಾ ಅಳೆದು ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯಿರಿ. ನಾನು ನೀಲಿ ಪೆನ್ನಲ್ಲಿ ಅಮೋನಿಯಾ, ಕೆಂಪಲ್ಲಿ ನೈಟ್ರೈಟ್ ಬರೆದೆ. ಪಕ್ಕದ ಮನೆಯವರು ಬಂದವರು ಖಾಲಿ ಟ್ಯಾಂಕ್ ನೋಡಿ, "ಎಂತ ಮಾರಾಯ್ರೆ, ಮೀನು ಯಾವಾಗ ಬರುದು?" ಅಂದರು. ಕ್ಯಾಲೆಂಡರ್ ತೋರಿಸಿ ವಿವರಿಸಿದೆ. ಈಗ ಅವರ ಮನೆಯಲ್ಲೂ ಒಂದು ಟ್ಯಾಂಕ್ ಇದೆ, ಹೆಪ್ಪು ನಮ್ಮದು.

ನನ್ನ ಕ್ಯಾಲೆಂಡರ್ ಹೀಗಿತ್ತು. ಹೆಪ್ಪು ಇಲ್ಲದೆ, ಸೋಡಾ, ಚಿಪ್ಪು ಯಾವುದೂ ಹಾಕದೆ ಶುರು ಮಾಡಿದ್ದೆ. 1ನೇ ದಿನ ಅಮೋನಿಯಾ 2. 9ನೇ ದಿನವೂ 2. 12ನೇ ದಿನ ಒಂಚೂರು ಇಳಿಯಿತು, ನೈಟ್ರೈಟ್ 0.25 ಕಾಣಿಸಿತು. ಪರೀಕ್ಷೆಯ ಗಾಜಿನ ಕೊಳವೆಯಲ್ಲಿ ಆಕಾಶ ನೀಲಿ ಇರುವ ಬಣ್ಣ ಒಂಚೂರು ನೇರಳೆಗೆ ತಿರುಗಿತ್ತು. ಬಿಳಿ ಹಾಳೆಯ ಮುಂದೆ ಹಿಡಿದು ಎರಡೆರಡು ಸಲ ನೋಡಿದೆ. ಕಣ್ಣಿಗೆ ಕಾಣದ ಜೀವ ಅಲ್ಲಿ ಕೆಲಸ ಶುರು ಮಾಡಿದೆ ಅನ್ನುವುದಕ್ಕೆ ಅದೇ ಮೊದಲ ಗುರುತು. ಆ ಸಂತೋಷ ಮೀನು ನೋಡಿದ್ದಕ್ಕಿಂತ ಕಡಿಮೆಯದಲ್ಲ.

14ನೇ ದಿನ ಅಮೋನಿಯಾ 0.25, ನೈಟ್ರೈಟ್ 5ರ ಹತ್ತಿರ. ಅಮೋನಿಯಾ ಸೊನ್ನೆಯ ಹತ್ತಿರ ಬಂದಾಗಲೆಲ್ಲ 15 ಮಿಲಿ ದ್ರಾವಣ ಹಾಕುತ್ತಾ ಹೋದೆ. ಈ ಹಂತದಲ್ಲಿ ಅರ್ಧ ಅಳತೆಯೇ ಸರಿ. ಯಾಕೆಂದರೆ 1 ಪಿಪಿಎಂ ಅಮೋನಿಯಾದಿಂದ 2.7 ಪಿಪಿಎಂ ನೈಟ್ರೈಟ್ ಹುಟ್ಟುತ್ತದೆ. ದಿನಾ ಪೂರ್ತಿ ಅಳತೆ ಹಾಕಿದರೆ ನೈಟ್ರೈಟ್ ಕಿಟ್ಟಿನ ಬಣ್ಣದ ಪಟ್ಟಿಯನ್ನೇ ಮೀರಿ ಹೋಗುತ್ತದೆ. ಹಾಗೆ ಗಾಢ ನೇರಳೆಯಲ್ಲೇ ವಾರ ನಿಂತರೆ ಅರ್ಧ ನೀರು ಬದಲಿಸಿ. ಇದರಿಂದ ಬ್ಯಾಕ್ಟೀರಿಯಾ ಹೋಗುವುದಿಲ್ಲ.

21ನೇ ದಿನದಿಂದ 24ರವರೆಗೆ ಅಮೋನಿಯಾ 1 ಅಲ್ಲೇ ನಿಂತಿತು. ನೈಟ್ರೈಟ್ 5 ಅಲ್ಲೇ. ಫಿಲ್ಟರ್ ಸರಿ ಇತ್ತು, ಗಾಳಿ ಬರುತ್ತಿತ್ತು. ಒಂದು ಬಾಟಲಿ ಬ್ಯಾಕ್ಟೀರಿಯಾ ತರಬೇಕು ಅಂದುಕೊಂಡಿದ್ದೆ. ಅದಕ್ಕೂ ಮೊದಲು ಪಿಹೆಚ್ ನೋಡಿದೆ, ಕಿಟ್ಟಿನ ಅತಿ ಕೆಳಗಿನ ಹಳದಿ, 6.0. ಕೆಹೆಚ್ ನೋಡುವಾಗ ಮೊದಲ ಹನಿಗೇ ನೀಲಿ ಬಾರದೆ ಹಳದಿ ಬಂತು. ಉಳಿದೇ ಇರಲಿಲ್ಲ. ಒಂದು ಚಮಚ ಸೋಡಾವನ್ನು ಲೋಟದಲ್ಲಿ ಕರಗಿಸಿ ಸುರಿದೆ, ಚಿಪ್ಪಿನ ಚೀಲ ಇಳಿಬಿಟ್ಟೆ. ಮರುದಿನ ಪಿಹೆಚ್ 7.4. ಮೂರನೇ ದಿನ ಅಮೋನಿಯಾ ಸೊನ್ನೆ. ಬ್ಯಾಕ್ಟೀರಿಯಾ ಸತ್ತಿರಲಿಲ್ಲ, ಸುಮ್ನೆ ಕೈಕಟ್ಟಿ ಕೂತಿದ್ದವು. ನಿಮ್ಮ ಟ್ಯಾಂಕೂ ಹೀಗೆ ನಿಂತರೆ ಮೊದಲು ಪಿಹೆಚ್ ನೋಡಿ, ಆಮೇಲೆ ಬೇರೆಲ್ಲ.

ನೈಟ್ರೈಟ್ ಇಳಿಯಲು ಇನ್ನೂ ಹತ್ತು ದಿನ ಹಿಡಿಯಿತು. ಎಲ್ಲರಿಗೂ ಬೇಜಾರು ಬರುವುದು ಇಲ್ಲೇ. ಗಾಢ ನೇರಳೆ, ಗಾಢ ನೇರಳೆ, ಗಾಢ ನೇರಳೆ, ಒಂದು ದಿನ ಬೆಳಿಗ್ಗೆ ನೋಡಿದರೆ ತಿಳಿ ನೀಲಿ. ನಿಧಾನಕ್ಕೆ ಅಲ್ಲ, ಎರಡೇ ದಿನದಲ್ಲಿ ಬೀಳುತ್ತದೆ.

ನೈಟ್ರೇಟ್ ಪರೀಕ್ಷೆಯಲ್ಲಿ ಒಂದು ಎಚ್ಚರ. ಕಿಟ್ಟಿನಲ್ಲಿರುವ ಎರಡನೇ ನೈಟ್ರೇಟ್ ಬಾಟಲಿಯ ತಳದಲ್ಲಿ ಪುಡಿ ಕೂತಿರುತ್ತದೆ. ಅರ್ಧ ನಿಮಿಷ ಜೋರಾಗಿ ಕುಲುಕದೆ ಹಾಕಿದರೆ ನೈಟ್ರೇಟ್ ಇದ್ದರೂ ಇಲ್ಲ ಅಂತ ತೋರಿಸುತ್ತದೆ.

ಆಯಿತು ಅಂತ ತಿಳಿಯುವುದು ಹೇಗೆ

ಒಂದು ಸಂಜೆ ಪೂರ್ತಿ ಅಳತೆ, 30 ಮಿಲಿ ಹಾಕಿ. ಮರುದಿನ ಅದೇ ಹೊತ್ತಿಗೆ ಅಳೆಯಿರಿ. 24 ಗಂಟೆಯಲ್ಲಿ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಬಂದರೆ ಟ್ಯಾಂಕ್ ತಯಾರು. ಒಂದೇ ಸಲಕ್ಕೆ ನಂಬಬೇಡಿ, ಮರುದಿನ ಇನ್ನೊಮ್ಮೆ ಮಾಡಿ. ನನಗೆ 39, 40ನೇ ದಿನ ಎರಡು ಸಲವೂ ಸರಿ ಬಂತು.

ಆಗ ನೈಟ್ರೇಟ್ ಜಾಸ್ತಿ ಇರುತ್ತದೆ. ಮುಕ್ಕಾಲು ಭಾಗ ನೀರು ತೆಗೆದು ಹೊಸ ನೀರು ತುಂಬಿಸಿ. ಹೊಸ ನೀರಿಗೆ ಆಂಟಿ ಕ್ಲೋರಿನ್ ಮರೆಯಬೇಡಿ, ಇಷ್ಟು ದಿನದ ಶ್ರಮ ಒಂದು ಬಕೆಟ್ ಕ್ಲೋರಿನ್ ನೀರಿನಲ್ಲಿ ಹೋಗಬಾರದು. ನೈಟ್ರೇಟ್ 20ಕ್ಕಿಂತ ಕೆಳಗೆ ಬರಲಿ. ಮೀನು ಎರಡು ದಿನದಲ್ಲಿ ಬಾರದಿದ್ದರೆ ದಿನಾ 15 ಮಿಲಿ ಹಾಕುತ್ತಿರಿ, ಬ್ಯಾಕ್ಟೀರಿಯಾ ಉಪವಾಸ ಬೀಳಬಾರದು. ಮೀನು ತರುವ ದಿನ ಅಳೆದು ಸೊನ್ನೆ ಇದೆಯಾ ನೋಡಿ.

ಮೊದಲ ಮೀನು

ನಮ್ಮ ಮೆದು ನೀರಿಗೆ ರಾಸ್ಬೋರಾ, ಟೆಟ್ರಾ, ಸಣ್ಣ ಬಾರ್ಬ್‌ಗಳು ಚೆನ್ನಾಗಿ ಹೊಂದುತ್ತವೆ. ಗಪ್ಪಿ, ಮೋಲಿಗೆ ಗಡಸು ನೀರು ಇಷ್ಟ, ಚಿಪ್ಪಿನ ಚೀಲ ಅಲ್ಲೇ ಇದ್ದರೆ ಅವಕ್ಕೂ ಆಗುತ್ತದೆ. 50 ಲೀಟರಿಗೆ ಗೋಲ್ಡ್ ಫಿಶ್ ಬೇಡ. ಅವು ದೊಡ್ಡದಾಗುವ, ತುಂಬಾ ಗಲೀಜು ಮಾಡುವ ಮೀನು. ಮಗಳಿಗೆ ಇದನ್ನು ಹೇಳುವುದು ಕಷ್ಟವಾಯಿತು, ಆದರೆ ಹೇಳಿದೆ. ಮೊದಲ ಸಲಕ್ಕೆ ಆರು ಸಣ್ಣ ಮೀನು ಸಾಕು, ಎರಡು ವಾರ ಬಿಟ್ಟು ಇನ್ನಷ್ಟು ತನ್ನಿ.

ತಂದ ಚೀಲವನ್ನು ಹದಿನೈದು ನಿಮಿಷ ನೀರಿನ ಮೇಲೆ ತೇಲಿಸಿ. ಆಮೇಲೆ ಐದೈದು ನಿಮಿಷಕ್ಕೆ ಒಂದು ಸೌಟು ಟ್ಯಾಂಕಿನ ನೀರು ಚೀಲಕ್ಕೆ ಹಾಕಿ. ಅರ್ಧ ಗಂಟೆ ಕಳೆದ ಮೇಲೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಅಂಗಡಿಯ ನೀರು ಟ್ಯಾಂಕಿಗೆ ಬೇಡ.

ಮುಂದೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಸ್ಪಂಜ್ ಕಟ್ಟಿಕೊಂಡಾಗ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಮೀನು ಬಂದ ಮೇಲೆ ಸೋಡಾವನ್ನು ಒಟ್ಟಿಗೇ ಸುರಿಯಬೇಡಿ. ಬದಲಿಸುವ ನೀರಿನ ಬಕೆಟಿಗೆ ಒಂದು ಚಿಟಿಕೆ ಕಲಸಿ ಹಾಕಿ.

ಮೊದಲ ರಾತ್ರಿ ದೀಪ ಹಾಕಬೇಡಿ, ಊಟವೂ ಬೇಡ. ನಾವು ಆರು ರಾಸ್ಬೋರಾ ಬಿಟ್ಟ ಮರುದಿನ ಬೆಳಿಗ್ಗೆ ಮಗಳೇ ಗಾಜಿನ ಕೊಳವೆಗೆ ಐದು ಮಿಲಿ ನೀರು ತುಂಬಿ, ಹನಿ ಎಣಿಸಿ ಹಾಕಿ, ಮುಚ್ಚಳ ಬಿಗಿದು ಕುಲುಕಿದಳು. ಐದು ನಿಮಿಷ ಗಡಿಯಾರ ನೋಡುತ್ತಾ ಕೂತಳು. ಬಣ್ಣ ಹಳದಿಯೇ ಇತ್ತು. ಕ್ಯಾಲೆಂಡರಿನಲ್ಲಿ ನೀಲಿ ಪೆನ್ನಿಂದ ದೊಡ್ಡ ಸೊನ್ನೆ ಬರೆದು, ಚಿಟಿಕೆಯ ಅರ್ಧದಷ್ಟು ಊಟ ಹಾಕಲು ಟ್ಯಾಂಕಿನ ಮುಚ್ಚಳ ತೆರೆದಳು.